ಲೆಕ್ಕವಾಗದ ಸೂತ್ರ: ಒಂದು ಮೀಮಾಂಸೆ

ಹಾಲು ಉತ್ಪಾದಕರ ಸಂಘವೊಂದರ ಲೆಕ್ಕದ ಹಾಳೆಯನ್ನು ವಿಷಯವಾಗಿ ಇಟ್ಟುಕೊಳ್ಳೋಣ. ಎಕ್ಸೆಲ್‌ನ ಬಿ ಕಾಲಮ್ಮಿನಲ್ಲಿ ಲೀಟರು, ಸಿ ಕಾಲಮ್ಮಿನಲ್ಲಿ ದರ. ಡಿ2ರಲ್ಲಿ ‘=ಬಿ2*ಸಿ2’ ಎಂದು ಬರೆದು ಎಂಟರ್ ಒತ್ತಿದರೆ ರೂಪಾಯಿ ಬರಬೇಕು; ಬಂದದ್ದು ಅದೇ ‘=ಬಿ2*ಸಿ2’. ಸೂತ್ರ ತಪ್ಪೇ, ತಂತ್ರಾಂಶ ಕೆಟ್ಟಿತೇ, ಇಲ್ಲವೇ ಸೆಲ್ ತನಗೆ ಹೇಳಿದ್ದನ್ನೇ ಮಾಡಿತೇ ಎಂಬುದು ಸಂಶಯ. ಮೂರನೆಯದೇ ನಿಜ ಎಂಬುದು ನನ್ನ ಸಿದ್ಧಾಂತ. ಸೆಲ್ಲಿಗೆ ಬಂದದ್ದು ಸೂತ್ರವೋ ಬರಿಯ ಅಕ್ಷರವೋ ಎಂಬ ತೀರ್ಮಾನ ಎಂಟರ್ ಒತ್ತಿದಾಗಲೇ ಆಗಿಹೋಗುತ್ತದೆ. ಅದನ್ನು ಬದಲಿಸಲು ಮತ್ತೆ ನಮೂದಿಸಲೇಬೇಕು.

ಮೊದಲು ತೋರಿಕೆಯ ದೋಷವನ್ನು ಬೇರೆ ಮಾಡಿಡಬೇಕು. ಹಾಳೆಯ ಎಲ್ಲ ಸೂತ್ರಗಳೂ ಒಟ್ಟಿಗೆ ಬಯಲಾಗಿ, ಕಾಲಮ್ಮುಗಳೂ ಅಗಲವಾಗಿದ್ದರೆ ‘ಶೋ ಫಾರ್ಮುಲಾಸ್’ ಚಾಲೂ ಆಗಿದೆ ಎಂದರ್ಥ. ಕಂಟ್ರೋಲ್ ಜೊತೆಗೆ ಟ್ಯಾಬ್ ಮೇಲಿನ ಕೀಲಿಗೆ ಬೆರಳು ತಗುಲಿದರೂ ಹೀಗಾಗುತ್ತದೆ. ಮತ್ತೊಮ್ಮೆ ಒತ್ತಿದರೆ ಸರಿಹೋಗುತ್ತದೆ. ಒಳಗೆ ಲೆಕ್ಕ ನಿಂತಿರುವುದೇ ಇಲ್ಲ. ಮ್ಯಾನ್ಯುಯಲ್ ಕ್ಯಾಲ್ಕುಲೇಶನ್ ಇನ್ನೊಂದು ಸಂಗತಿ: ಅಲ್ಲಿ ಹಳೆಯ ಅಂಕಿ ಉಳಿಯುತ್ತದೆಯೇ ಹೊರತು ಸೂತ್ರ ಕಾಣುವುದಿಲ್ಲ. ಆದ್ದರಿಂದ ನಮ್ಮ ಹಾಳೆಯಲ್ಲಿ ಮರುಲೆಕ್ಕ ಮಾಡಿಸುವ ಎಫ್9 ಎಷ್ಟು ಒತ್ತಿದರೂ ಫಲವಿಲ್ಲ.

ಕೆಲವೇ ಸೆಲ್‌ಗಳು ಹಟ ಹಿಡಿದಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲೊಂದು. ಸೂತ್ರದ ಮುಂದೆ ಒಂಟಿ ಉದ್ಧರಣ ಚಿಹ್ನೆ ಇದೆ. ಅದು ಸೆಲ್ಲಿನಲ್ಲಿ ಕಾಣದೆ ಮೇಲಿನ ಫಾರ್ಮುಲಾ ಬಾರ್‌ನಲ್ಲಿ ಮಾತ್ರ ಕಾಣುತ್ತದೆ. ಅಥವಾ ಬರೆಯುವ ಮೊದಲೇ ಸೆಲ್ಲಿಗೆ ಟೆಕ್ಸ್ಟ್ ಫಾರ್ಮ್ಯಾಟ್ ಇತ್ತು.

ಇಲ್ಲಿ ಬಲವಾದ ಪೂರ್ವಪಕ್ಷ ಏಳುತ್ತದೆ. ಫಾರ್ಮ್ಯಾಟ್ ಎಂದರೆ ತೋರಿಕೆಯಷ್ಟೆ. ದಿನಾಂಕದ ಫಾರ್ಮ್ಯಾಟ್ ತೆಗೆದರೆ ಒಳಗಿನ ಸಂಖ್ಯೆ ತಕ್ಷಣ ಕಾಣುತ್ತದಲ್ಲವೇ? ಹಾಗಾದರೆ ಟೆಕ್ಸ್ಟ್ ತೆಗೆದು ಜನರಲ್ ಮಾಡಿದ ಮೇಲೂ ಸೂತ್ರ ಅಕ್ಷರವಾಗಿಯೇ ಕೂರುವುದು ಅನ್ಯಾಯವಲ್ಲವೇ? ಅಲ್ಲ. ಉಳಿದ ಫಾರ್ಮ್ಯಾಟ್‌ಗಳು ಮುಖ್ಯವಾಗಿ ತೋರಿಕೆಯನ್ನು ಆಳುತ್ತವೆ. ಟೆಕ್ಸ್ಟ್ ನಮೂದನ್ನೂ ಆಳುತ್ತದೆ. ಅದೇ ಹಾಳೆಯಲ್ಲಿ ಸದಸ್ಯರ 16 ಅಂಕಿಯ ಖಾತೆ ಸಂಖ್ಯೆಗಳೂ ಟೆಕ್ಸ್ಟ್ ಆಗಿ ಇವೆ ಎನ್ನಿ. ಎಕ್ಸೆಲ್ ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ನಿಖರವಾಗಿ ಉಳಿಸುತ್ತದೆ, 16ನೆಯದು ಸೊನ್ನೆಯಾಗುತ್ತದೆ. ಫಾರ್ಮ್ಯಾಟ್ ಬದಲಿಸಿದ ಮಾತ್ರಕ್ಕೆ ಎಲ್ಲವನ್ನೂ ಮರಳಿ ಓದುವಂತಿದ್ದರೆ ಒಂದು ಅಜಾಗರೂಕ ಕ್ಲಿಕ್ಕಿಗೆ ಆ ಖಾತೆಗಳ ಕೊನೆಯ ಅಂಕಿ ಹೋಗುತ್ತಿತ್ತು. 080 ಎಂದು ಶುರುವಾಗುವ ಫೋನ್ ಸಂಖ್ಯೆಯ ಮೊದಲ ಸೊನ್ನೆಗೂ ಅದೇ ಗತಿ. ಹೇಳದೆ ಮರು ಓದದಿರುವುದು ಇಲ್ಲಿ ರಕ್ಷಣೆಯೇ ಸರಿ.

‘=’ ಕಂಡಲ್ಲೆಲ್ಲ ಯಂತ್ರವೇ ಊಹಿಸಿ ಲೆಕ್ಕ ಮಾಡಲಿ ಎನ್ನುವವರೂ ಇದ್ದಾರೆ. ಊಹೆಯ ಬೆಲೆ ಏನೆಂದು ಜೀವವಿಜ್ಞಾನಿಗಳಿಗೆ ಗೊತ್ತು. ‘ಸೆಪ್ಟ್2’ ಎಂಬ ಜೀನಿನ ಹೆಸರನ್ನು ಎಕ್ಸೆಲ್ ಸೆಪ್ಟೆಂಬರ್ 2 ಎಂದು ಓದುತ್ತಿತ್ತು. ಕೊನೆಗೆ 2020ರ ಹೊತ್ತಿಗೆ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಅದನ್ನು ‘ಸೆಪ್ಟಿನ್2’ ಮಾಡಿತು. ಅಪರಿಚಿತರು ತುಂಬಿದ ಅರ್ಜಿಯ ‘=’ ಸಾಲುಗಳು ತಾವಾಗಿ ಸೂತ್ರವಾಗುವುದು ಭದ್ರತೆಗೂ ಅಪಾಯ. ಬರೆಯುವವರ ಇಂಗಿತಕ್ಕೆ ಗುರುತು ಬೇಕೆಂಬುದು 1979ರ ವಿಸಿಕ್ಯಾಲ್ಕ್‌ನಿಂದಲೂ ಇರುವ ಮಾತು: ಅಲ್ಲಿ ಸೆಲ್ಲಿನ ಹೆಸರಿನಿಂದ ಶುರುವಾಗುವ ಸೂತ್ರಕ್ಕೆ ಮೊದಲು ‘+’ ಹಾಕಬೇಕಿತ್ತು. 1983ರ ಲೋಟಸ್ 1-2-3ರಲ್ಲಿ ಅಕ್ಷರಕ್ಕೆ ಗುರುತು ಒಂಟಿ ಉದ್ಧರಣ ಚಿಹ್ನೆ. ಇಂದು ನಮ್ಮನ್ನು ಕಾಡುವುದು ಅದೇ.

ಹಾಗಾದರೆ ಎಚ್ಚರಿಕೆಯನ್ನಾದರೂ ಕೊಡಬೇಡವೇ? ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ‘ಸಮ್’ ಅಕ್ಷರವಿರುವ ಸೆಲ್ಲನ್ನು ಸದ್ದಿಲ್ಲದೆ ದಾಟಿ ಮುಂದೆ ಹೋಗುತ್ತದೆ. ನೂರಾರು ಸಾಲುಗಳ ನಡುವೆ ಒಂದು ಸೂತ್ರ ಅಕ್ಷರವಾಗಿದ್ದರೆ ಒಟ್ಟು ಮೊತ್ತ ಅಷ್ಟು ಕಡಿಮೆಯಾಗುತ್ತದೆ; ಆ ಸಾಲಿನ ಸದಸ್ಯರ ಹಾಲಿಗೆ ಹಣವೇ ಇಲ್ಲ. ಅದೇ ಸೆಲ್ಲನ್ನು ‘+’ ಹಾಕಿ ಕೂಡಿದರೆ ‘ವ್ಯಾಲ್ಯೂ’ ದೋಷವಾದರೂ ಬರುತ್ತದೆ. ಮೌನವಾಗಿ ತಪ್ಪುವ ಲೆಕ್ಕಕ್ಕಿಂತ ಕೂಗುವ ದೋಷ ಎಷ್ಟೋ ಮೇಲು.

ಇನ್ನು ಪರಿಹಾರ. ಉದ್ಧರಣ ಚಿಹ್ನೆಯಿದ್ದರೆ ಫಾರ್ಮುಲಾ ಬಾರ್‌ನಲ್ಲಿ ಅಳಿಸಬೇಕು. ಟೆಕ್ಸ್ಟ್ ಇದ್ದರೆ ಜನರಲ್ ಮಾಡಿ, ಎಫ್2 ಒತ್ತಿ, ಎಂಟರ್ ಒತ್ತಬೇಕು. ಈ ಕೊನೆಯ ಎರಡು ಕೀಲಿಗಳನ್ನು ಬಿಡುವುದರಿಂದಲೇ ಹೆಚ್ಚಿನವರು ಸೋಲುತ್ತಾರೆ. ಕಾಲಮ್ ಪೂರ್ತಿ ಹೀಗಿದ್ದರೆ ಜನರಲ್ ಮಾಡಿದ ಮೇಲೆ ಆ ಕಾಲಮ್ಮನ್ನಷ್ಟೇ ಆಯ್ದು, ಫೈಂಡ್-ರೀಪ್ಲೇಸ್‌ನಲ್ಲಿ ‘=’ ಬದಲು ‘=’ ಎಂದೇ ಕೊಡಿ; ಪ್ರತಿ ಸೆಲ್ಲೂ ಹೊಸದಾಗಿ ನಮೂದಾಗುತ್ತದೆ. ಮುಂದಿನ ಸಲ ಟೆಕ್ಸ್ಟ್ ಫಾರ್ಮ್ಯಾಟ್ ಖಾತೆ, ಫೋನ್ ಕಾಲಮ್ಮುಗಳಿಗೆ ಮಾತ್ರ ಇರಲಿ. ಇ ಕಾಲಮ್ಮಿನಲ್ಲಿ, ಡಿ ಕಾಲಮ್ಮಿನ ಸೆಲ್ಲಿನಲ್ಲಿರುವುದು ಸೂತ್ರವೇ ಎಂದು ನೋಡಲು, ಎಕ್ಸೆಲ್ 2013ರಿಂದ ದೊರೆಯುವ ‘ಈಸ್‌ಫಾರ್ಮುಲಾ’ ಹಾಕಿಟ್ಟು, ‘ಫಾಲ್ಸ್’ ಬಂದ ಸಾಲುಗಳನ್ನು ಬಟವಾಡೆಗೆ ಮುಂಚೆ ತೆರೆದು ನೋಡಬೇಕು.