ಓಟದ ಪಂಥವೂ ಶರಣರ ಛಲವೂ

ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯ ಅಳತೆಯನ್ನು ಒಂದೆನ್ನದೆ ಲಾಭವೆನ್ನುವುದು ಒಕ್ಕಲುತನದವರ ಹಳೆಯ ರೂಢಿ. ರಾಶಿಯು ಮನೆ ಸೇರುವ ಮುನ್ನವೇ ಇಷ್ಟು ಚೀಲವಾದೀತೆಂದು ಊರೆಲ್ಲ ಸಾರುವವನನ್ನು ಬಲ್ಲವರು ಮೆಚ್ಚುವುದಿಲ್ಲ. ಹಗರಿಯ ಸೀಮೆಯ ಮೋಕದಂತಹ ಊರಿನಲ್ಲಿ, ಸಂಜೆ ಗುಡಿಯ ಕಟ್ಟೆಯ ಮೇಲೆ ಕುಳಿತ ಹಿರಿಯರ ಮುಂದೆ, ಓಟಗಾರ್ತಿಯೊಬ್ಬಳು ಲೋಕದಲ್ಲಿ ಯಾವ ಹೆಂಗಸೂ ಓಡದಷ್ಟು ವೇಗವಾಗಿ ಇಂತಹ ದಿನ ಇಂತಹ ಸ್ಥಳದಲ್ಲಿ ಓಡುವೆನೆಂದು ಎರಡು ತಿಂಗಳು ಮೊದಲೇ ಡಂಗುರ ಸಾರಿಸಿದಳೆಂದು ಹೇಳಿದರೆ ಅವರು ಏನೆಂದಾರು? ಒಬ್ಬರು ಅದನ್ನು ಅಹಂಕಾರವೆಂದಾರು, ಇನ್ನೊಬ್ಬರು ಛಲವೆಂದಾರು. ಎರಡೂ ಶರಣಮಾರ್ಗದಲ್ಲಿ ತೂಕವುಳ್ಳ ಮಾತುಗಳು. ಒಂದು ಬಿಡತಕ್ಕದ್ದು, ಇನ್ನೊಂದು ಹಿಡಿಯತಕ್ಕದ್ದು. ಒಂದೇ ನಡತೆಗೆ ಎರಡೂ ಹೇಗೆ ಸಂದಾವು ಎಂಬುದೇ ಇಲ್ಲಿಯ ವಿಚಾರ.

ನಡೆದ ಸಂಗತಿಯಿದು. ಕೀನ್ಯಾ ದೇಶದ ಶ್ರೀಮತಿ ಫೇತ್ ಕಿಪ್ಯೆಗಾನ್ ಅವರು 2016, 2021 ಮತ್ತು 2024ರಲ್ಲಿ ನಡೆದ ಮೂರು ಒಲಿಂಪಿಕ್ ಕೂಟಗಳಲ್ಲಿ 1500 ಮೀಟರ್ ಓಟದ ಚಿನ್ನವನ್ನು ಗೆದ್ದವರು. ಒಂದು ಹೆಣ್ಣುಮಗುವಿನ ತಾಯಿ. ಒಂದು ಮೈಲಿಯ ಓಟದಲ್ಲಿ 2023ರ ಜುಲೈನಲ್ಲಿ ಮೊನಾಕೊದಲ್ಲಿ ಅವರು ಸ್ಥಾಪಿಸಿದ 4 ನಿಮಿಷ 7.64 ಸೆಕೆಂಡುಗಳ ಕಾಲವೇ ಮಹಿಳೆಯರ ವಿಶ್ವದಾಖಲೆ. ಮೈಲಿಯೆಂದರೆ 400 ಮೀಟರಿನ ನಾಲ್ಕು ಸುತ್ತು, ಮೇಲೆ ಒಂಬತ್ತು ಮೀಟರು. ಇದನ್ನು ನಾಲ್ಕು ನಿಮಿಷಕ್ಕೆ ಒಳಗಾಗಿ ಓಡುವ ಪಂಥವನ್ನು ನೈಕಿ ಎಂಬ ಪಾದರಕ್ಷೆಯ ಕಂಪನಿಯು 2025ರ ಏಪ್ರಿಲಿನಲ್ಲಿ ಅವರ ಹೆಸರಿನಲ್ಲಿ ಪ್ರಕಟಿಸಿತು. ಏಳೂವರೆ ಸೆಕೆಂಡಿಗಿಂತ ಹೆಚ್ಚು ಕಾಲವನ್ನು ಕಳೆಯಬೇಕಾಗಿತ್ತು. ಜೂನ್ 26ರಂದು ಪ್ಯಾರಿಸ್ ನಗರದ ಶಾರ್ಲೆಟಿ ಕ್ರೀಡಾಂಗಣದಲ್ಲಿ ಓಟ ನಡೆಯಿತು. ಗಾಳಿಯ ತಡೆಯನ್ನು ತಗ್ಗಿಸಲೆಂದು ಹದಿಮೂರು ಮಂದಿ ಮುಂದೆಯೂ ಹಿಂದೆಯೂ ಸಾಲುಗಟ್ಟಿ ಓಡಿದರು. ಅವರಲ್ಲಿ ಹನ್ನೊಂದು ಮಂದಿ ಪುರುಷರು. ವಿಶೇಷವಾಗಿ ಹೊಲಿಸಿದ ಉಡುಪು, ವಿಶೇಷವಾಗಿ ಮಾಡಿಸಿದ ಪಾದರಕ್ಷೆ. ಆದ ಕಾಲ 4 ನಿಮಿಷ 6 ಸೆಕೆಂಡಿಗಿಂತ ತುಸು ಹೆಚ್ಚು. ಪಂಥ ಕೈಗೂಡಲಿಲ್ಲ. ಹಿಂದಿನ ದಾಖಲೆಗಿಂತ ಕಾಲವು ಕಡಿಮೆಯೇ ಆದರೂ, ಪುರುಷರು ಜೊತೆಗೋಡಿದ್ದರಿಂದಲೂ ಓಟದ ಏರ್ಪಾಡೇ ನಿಯಮಕ್ಕೆ ಹೊರತಾಗಿದ್ದುದರಿಂದಲೂ ಅದು ದಾಖಲೆಯೆನಿಸಲಿಲ್ಲ. ಎನಿಸುವುದಿಲ್ಲವೆಂಬುದು ಮೊದಲೇ ಎಲ್ಲರಿಗೂ ತಿಳಿದಿತ್ತು.

ಮೊದಲನೆಯ ಆಕ್ಷೇಪಣೆ ಸಾರುವಿಕೆಯ ಮೇಲೆ. ಮಾಡಿದ್ದನ್ನೇ ಹೇಳಿಕೊಳ್ಳಬಾರದೆಂಬ ಮಾರ್ಗದಲ್ಲಿ, ಮಾಡದಿರುವುದನ್ನು ಹೇಳಿಕೊಳ್ಳುವುದು ಹೇಗೆ ಸರಿ? ಮಾಡಿದೆನೆಂಬ ಭಾವ ಮನಸ್ಸಿಗೆ ಹೊಳೆದರೂ ಭಕ್ತಿಗೆ ಕುಂದೆಂದು ಬಸವಣ್ಣನವರು ಎಚ್ಚರಿಸಿದ್ದಾರೆ. ಈ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಸೂಕ್ಷ್ಮವಾಗಿ ನೋಡಿದರೆ ಆ ಎಚ್ಚರಿಕೆಯು ಮಾಡಿ ಮುಗಿಸಿದ ಮೇಲೆ ಫಲಕ್ಕೆ ಕೈಚಾಚುವ ಮನಸ್ಸಿನ ಕುರಿತದ್ದು. ಮುಂಚಿತವಾಗಿ ನುಡಿ ಕೊಡುವವನ ಸ್ಥಿತಿ ಬೇರೆ. ಆತನು ಫಲವನ್ನು ಪಡೆದಿಲ್ಲ. ಪಡೆಯದೆ ಹೋಗುವ ಅಪಾಯವನ್ನು ಎಲ್ಲರ ಕಣ್ಣೆದುರಿಗೆ ತಂದಿಟ್ಟಿದ್ದಾನೆ. ಗುಟ್ಟಾಗಿ ಹತ್ತು ಸಲ ಸೋತು ಹನ್ನೊಂದನೆಯ ಸಲ ಗೆದ್ದುದನ್ನು ಮಾತ್ರ ತೋರಿಸುವವನಿಗಿಂತ ಇವನಲ್ಲಿ ಅಹಂಕಾರಕ್ಕೆ ಅವಕಾಶ ಕಡಿಮೆಯೆಂದರೂ ತಪ್ಪಾಗದು.

ಹಾಗಾದರೆ ನುಡಿದಂತೆ ನಡೆಯಲಾಗದಿದ್ದರೆ ಅದು ವಚನಭಂಗವಲ್ಲವೆ? ಇಲ್ಲಿ ನುಡಿಯೆಂದರೆ ಏನೆಂಬುದನ್ನು ತಿಳಿಯಬೇಕು. ದೇಹವನ್ನು ಹೊತ್ತವನು ಪ್ರಯತ್ನಕ್ಕೆ ನುಡಿ ಕೊಡಬಲ್ಲನೇ ಹೊರತು ಫಲಕ್ಕೆ ಕೊಡಲಾರನು. ಇಂತಹ ದಿನ ಓಡುವೆನೆಂದವರು ಆ ದಿನ ಬಂದು ಓಡಿದರು. ಕೊನೆಯ ಗೆರೆಯನ್ನು ದಾಟಿ ದಣಿದು ನೆಲಕ್ಕೆ ಒರಗಿದರು. ತಮ್ಮಿಂದಾಗದಿದ್ದರೂ ಮುಂದೊಬ್ಬರಿಂದ ಆದೀತೆಂದರು. ನುಡಿಗೂ ನಡೆಗೂ ನಡುವೆ ಉಳಿದ ಆರು ಸೆಕೆಂಡಿಗೆ ಅವರು ಯಾವ ನೆಪವನ್ನೂ ಹೊದಿಸಲಿಲ್ಲ.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದುದು. ಹದಿಮೂರು ಮಂದಿ ಗಾಳಿಯನ್ನು ಮರೆಮಾಡಿ ಕೊಟ್ಟ ಓಟವು ಯಾರ ಕಾಯಕ? ರೋಜರ್ ಬ್ಯಾನಿಸ್ಟರ್ ಅವರು 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ 3 ನಿಮಿಷ 59.4 ಸೆಕೆಂಡುಗಳಲ್ಲಿ ಮೈಲಿಯನ್ನು ಓಡಿ ನಾಲ್ಕು ನಿಮಿಷದ ಗೋಡೆಯನ್ನು ಮೊದಲು ದಾಟಿದಾಗಲೂ ಬ್ರಾಷರ್, ಚಾಟವೇ ಎಂಬ ಇಬ್ಬರು ಗೆಳೆಯರು ಮುಂದೋಡಿ ವೇಗವನ್ನು ಕಾದುಕೊಟ್ಟಿದ್ದರು. (ಆ ದಾಖಲೆಯೂ ನಲವತ್ತಾರು ದಿನಗಳಲ್ಲಿ ಜಾನ್ ಲ್ಯಾಂಡಿ ಅವರ ಪಾಲಾಯಿತು.) ಎರವಲಿನ ಬಲವಿಲ್ಲದೆ ಲೋಕದ ಯಾವ ಕಾಯಕವೂ ಸಾಗದು, ನೇಗಿಲಿಗೆ ಎತ್ತು ಬೇಕು, ಮಗ್ಗಕ್ಕೆ ನೂಲುವವರು ಬೇಕು. ಎರವಲನ್ನು ಸ್ವಂತದ್ದೆಂದು ಲೆಕ್ಕಕ್ಕೆ ಸೇರಿಸಿಕೊಂಡರೆ ಮಾತ್ರ ಕಾಯಕ ಕೆಡುತ್ತದೆ.

ಆಯ್ದಕ್ಕಿ ಮಾರಯ್ಯನವರ ಕಥೆಯನ್ನು ಇಲ್ಲಿ ನೆನೆಯಬೇಕು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದ ಆ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಗಂಟನ್ನು ನೋಡಿದೊಡನೆ ಹೆಚ್ಚಾದುದನ್ನು ಗುರುತಿಸಿ, ಅದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ಅಕ್ಕಿ ಕದ್ದದ್ದಲ್ಲ, ದಾಸೋಹಕ್ಕೇ ಸಲ್ಲತಕ್ಕದ್ದು. ಆದರೂ ಅದು ಆ ದಿನದ ಕಾಯಕದ ಅಳತೆಗೆ ಮೀರಿದ್ದು. ಪ್ಯಾರಿಸಿನ ಓಟದಲ್ಲಿ ಅಳತೆಯನ್ನು ಕೆಡಿಸುವ ಪ್ರಸಂಗ ಬರಲಿಲ್ಲ. ಮೊನಾಕೊದ 4 ನಿಮಿಷ 7.64 ಸೆಕೆಂಡೇ ದಾಖಲೆಯ ಪುಸ್ತಕದಲ್ಲಿ ಉಳಿಯಿತು; ಅದಕ್ಕಿಂತ ಒಳ್ಳೆಯ ಕಾಲವು ಎರವಲು ಬಲದ್ದೆಂದು ಹೊರಗೇ ನಿಂತಿತು. ಒಂಬತ್ತು ದಿನಗಳ ಅನಂತರ, ಜುಲೈ 5ರಂದು, ಅಮೆರಿಕದ ಯುಜೀನ್ ನಗರದಲ್ಲಿ ನಿಯಮಬದ್ಧವಾದ ಕೂಟದಲ್ಲಿಯೇ ಅವರು 1500 ಮೀಟರನ್ನು 3 ನಿಮಿಷ 48.68 ಸೆಕೆಂಡುಗಳಲ್ಲಿ ಓಡಿದರು. ಅದು ದಾಖಲೆಯಾಯಿತು.

ಕನ್ನಡನಾಡಿನಲ್ಲಿಯೂ ಇದಕ್ಕೆ ಹತ್ತಿರವಾದ ನಿದರ್ಶನವುಂಟು. 2020ರ ಫೆಬ್ರುವರಿಯಲ್ಲಿ ತುಳುನಾಡಿನ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಕೂಡಲೇ ಜನರು ಗುಣಿಸಿ ಭಾಗಿಸಿ, ನೂರು ಮೀಟರಿಗೆ 9.55 ಸೆಕೆಂಡಾಯಿತೆಂದೂ ಉಸೇನ್ ಬೋಲ್ಟರ 9.58ಕ್ಕಿಂತ ಮಿಗಿಲೆಂದೂ ಸಾರಿದರು. ಕೇಂದ್ರದ ಕ್ರೀಡಾಮಂತ್ರಿಗಳು ಪರೀಕ್ಷೆಗೆ ಕರೆಯಿಸಿದರು. ಇಲ್ಲಿ ಓಡಿದಾತನು ಏನನ್ನೂ ಸಾರಿರಲಿಲ್ಲ, ಸಾರಿದವರು ಓಡಿರಲಿಲ್ಲ. ಗೌಡರು ಕಂಬಳದ ಓಟವೇ ಬೇರೆಯೆಂದು ಹೇಳಿ, ಶ್ರೇಯಸ್ಸಿನಲ್ಲಿ ಕೋಣಗಳಿಗೂ ಪಾಲು ಕೊಟ್ಟು, ಆ ಪರೀಕ್ಷೆಗೆ ಒಪ್ಪಲಿಲ್ಲ. ತಲೆಯ ಮೇಲೆ ಹೊರಿಸಿದ ಹೆಚ್ಚಿನ ಅಕ್ಕಿಯನ್ನು ಕೆಳಗಿಳಿಸಿದ ಈ ನಡತೆಯನ್ನು ಅಂಜಿಕೆಯೆಂದು ನಕ್ಕವರಿಗೆ ಲಕ್ಕಮ್ಮನವರ ಮಾತು ತಿಳಿಯದು.

ಮೂರನೆಯ ಆಕ್ಷೇಪಣೆಗೆ ಮಾತ್ರ ಸಮಾಧಾನ ದೊರೆಯುವುದಿಲ್ಲ. ಪ್ಯಾರಿಸಿನ ಪಂಥವನ್ನು ಕಟ್ಟಿದ್ದು ಪಾದರಕ್ಷೆಯನ್ನು ಮಾರುವವರು. ಓಡಿದವರು ಸೋತರೂ ಅವರ ಸರಕಿನ ಹೆಸರು ಲೋಕವನ್ನೆಲ್ಲ ಸುತ್ತಿತು. ದಣಿವು ಒಬ್ಬರದು, ವ್ಯಾಪಾರ ಇನ್ನೊಬ್ಬರದು. ಓಟದಿಂದಲೇ ಮನೆ ನಡೆಸುವ ತಾಯಿಗೆ ಹಣ ಸಂದುದನ್ನು ದೂಷಿಸಲಾಗದು; ಕಾಯಕಕ್ಕೆ ಕೂಲಿ ನ್ಯಾಯವಾದದ್ದೇ. ಆದರೆ ಸ್ತ್ರೀಕುಲದ ಏಳಿಗೆಗಾಗಿ ಎಂಬ ದೊಡ್ಡ ಮಾತನ್ನು ಅಂಗಡಿಯ ಹಲಗೆಯ ಮೇಲೆ ಬರೆದಾಗ, ಆ ಮಾತಿನ ಎಷ್ಟು ಪಾಲು ದಾಸೋಹ, ಎಷ್ಟು ಪಾಲು ಸಂತೆ ಎಂದು ಕೇಳುವ ಹಕ್ಕು ಕಟ್ಟೆಯ ಹಿರಿಯರಿಗೆ ಉಳಿದೇ ಇದೆ.

ಶರಣನಿಗೆ ಛಲ ಬೇಕೆಂದ ಬಸವಣ್ಣನವರು ಅದನ್ನು ಪರರ ಸೊತ್ತಿಗೆ ಕೈಯಿಕ್ಕದಿರುವ ನಿಲುವಿನಿಂದಲೇ ಎಣಿಸತೊಡಗಿದರೆಂಬುದು ಗಮನಾರ್ಹ. ಪರರಿಗಿಂತ ಮುಂದಾಗಬೇಕೆಂಬುದು ಆ ಎಣಿಕೆಯಲ್ಲಿಲ್ಲ. ಕಲ್ಯಾಣದಲ್ಲಿ ಶರಣರು ಕೈಗೊಂಡುದನ್ನು ಹೊರಗಿನ ಗೆಲವಿನಿಂದ ಅಳೆದರೆ ಅದೂ ಗುರಿ ಮುಟ್ಟಲಿಲ್ಲ; ಹರಳಯ್ಯ ಮಧುವಯ್ಯರು ಪ್ರಾಣ ತೆತ್ತರು. ಓಟದ ಮಾತಿಗೆ ಈ ಹೋಲಿಕೆ ತೀರ ದೊಡ್ಡದಾಯಿತು, ನಿಜ. ಆದರೂ ಮುಟ್ಟದ ಗುರಿಯನ್ನು ನಗೆಗೀಡುಮಾಡುವ ಮುನ್ನ ಭಕ್ತನು ಅದನ್ನು ಒಮ್ಮೆ ನೆನೆಯುವುದು ಯೋಗ್ಯ.

ಈ ವಿಚಾರವು ದೂರದ್ದಲ್ಲ. ಬಳ್ಳಾರಿ ಜಿಲ್ಲೆಯಲ್ಲಿಯೇ, ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ, 2018ರಿಂದ ದೊಡ್ಡದೊಂದು ಕ್ರೀಡಾಶಿಕ್ಷಣ ಸಂಸ್ಥೆ ನಡೆಯುತ್ತಿದೆ; ಹಳ್ಳಿಯ ಮಕ್ಕಳ ಕಣ್ಣು ಅತ್ತ ಹೊರಳುವುದು ಸಹಜ. ಮೋಕದ ಗೃಹಸ್ಥನೊಬ್ಬನ ಮಗಳು ತಾಲ್ಲೂಕಿನ ಕೂಟಕ್ಕೆ ಹೊರಡುವಾಗ, ಅಪ್ಪ, ಈ ಸಲ ಐದು ನಿಮಿಷದೊಳಗೆ ಓಡುತ್ತೇನೆ ಎಂದು ನೆರೆಯವರೆಲ್ಲ ಕೇಳುವಂತೆ ಹೇಳಿದಳೆಂದು ಎಣಿಸೋಣ. ಬಾಯಿ ಮುಚ್ಚು ಎನ್ನುವ ಕಾರಣವಿಲ್ಲ. ಸಂಜೆ ಆಕೆ ಹಿಂದಿರುಗಿದಾಗ ಎಷ್ಟಾಯಿತವ್ವ ಎಂದು ಆತನು ಕೇಳಲಿ. ಐದರ ಮೇಲೆ ಹನ್ನೊಂದು ಸೆಕೆಂಡು ಎಂದು ಆಕೆ ಒಂದನ್ನೂ ಮುರಿಯದೆ ಹೇಳಿದರೆ, ಮರುದಿನ ಬೆಳಗಿನ ಜಾವ ಆಕೆಯನ್ನು ಎಬ್ಬಿಸುವುದನ್ನು ಮನೆಯವರು ಮರೆಯದಿದ್ದರಾಯಿತು.