ಗ್ಲಾನಸೇವೆಯೆಂಬ ವ್ರತ

ಉಪವಾಸವು ತಪವೆಂಬುದನ್ನು ಅರಿಯದ ಶ್ರಾವಕನಿಲ್ಲ. ಆದರೆ ರೋಗಿಯ ಹಾಸಿಗೆಯ ಬಳಿ ಎಚ್ಚರವಾಗಿ ಕುಳಿತು ಕಳೆದ ರಾತ್ರಿಯೂ ತಪವೇ ಎಂಬ ಮಾತು ಅನೇಕರ ನೆನಪಿನಿಂದ ಜಾರಿಹೋಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಅನಶನವನ್ನು ಬಾಹ್ಯತಪಗಳಲ್ಲಿಯೂ ವೈಯಾವೃತ್ಯವನ್ನು ಆಭ್ಯಂತರತಪಗಳಲ್ಲಿಯೂ ಎಣಿಸಿದ್ದಾರೆ. ವೈಯಾವೃತ್ಯಕ್ಕೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನು, ಎಂದರೆ ರೋಗದಿಂದ ಬಳಲಿದವನು, ಒಬ್ಬನು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದನ್ನಾಗಿ ಹೇಳಿ, ಪ್ರೋಷಧೋಪವಾಸದ ಮಗ್ಗುಲಲ್ಲಿಯೇ ಇರಿಸಿದ್ದಾರೆ. ಆಹಾರ, ಔಷಧ, ಉಪಕರಣ, ಆವಾಸ ಎಂಬ ನಾಲ್ಕರ ದಾನದಿಂದ ಈ ವ್ರತ ನಡೆಯುತ್ತದೆ. ಮುಖ್ಯಪಾತ್ರರು ಸಂಯಮಿಗಳೇ ಹೌದು. ಆದರೆ ಸಂಯಮಿಗಳ ಸೇವೆಗೆ ಅಣಿಯಾಗಬೇಕಾದ ಕೈ ತನ್ನ ಮನೆಯ ರೋಗಿಯ ಬಳಿ ಹಿಂದೆಗೆಯುವುದಾದರೆ ಅದು ಎಲ್ಲಿ ಪಳಗೀತು?

ಈ ವ್ರತಕ್ಕೆ ಇಂದು ದೀರ್ಘವಾದ ಪರೀಕ್ಷೆ ಒದಗುವುದು ಅಸ್ಥಿಮಜ್ಜೆಯ ಕಸಿ ಮಾಡಿಸಿಕೊಂಡವರ ಮನೆಗಳಲ್ಲಿ. ಎಲುಬಿನೊಳಗಿನ ಮಜ್ಜೆಯೇ ರಕ್ತದ ಉಗಮಸ್ಥಾನ. ರಕ್ತದ ಕ್ಯಾನ್ಸರ್, ಥಲಸ್ಸೇಮಿಯ ಮೊದಲಾದ ವ್ಯಾಧಿಗಳಲ್ಲಿ ಕೆಟ್ಟ ಮಜ್ಜೆಯನ್ನು ತೀಕ್ಷ್ಣವಾದ ಔಷಧಗಳಿಂದ ನಾಶಪಡಿಸಿ, ದಾನಿಯ ಕಾಂಡಕೋಶಗಳನ್ನು ರಕ್ತ ಕೊಡುವಂತೆಯೇ ರಕ್ತನಾಳದ ಮೂಲಕ ಹರಿಯಿಸುತ್ತಾರೆ. ಭಾರತದಲ್ಲಿ ಈ ಚಿಕಿತ್ಸೆ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಮೊದಲಾಯಿತು. ಹರಿಯಿಸುವ ಕಾರ್ಯ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ನೋಡುವವರಿಗೆ ಇದೇನು ದೊಡ್ಡ ಚಿಕಿತ್ಸೆ ಎನಿಸೀತು. ಕಷ್ಟವೆಲ್ಲ ಆಮೇಲಿನದು. ಹೊಸ ಕೋಶಗಳು ನೆಲೆಯೂರಿ ರಕ್ತವನ್ನು ಹುಟ್ಟಿಸಲು ಎರಡರಿಂದ ನಾಲ್ಕು ವಾರಗಳು ಬೇಕು. ಅಲ್ಲಿಯವರೆಗೆ ಬಿಳಿಯ ರಕ್ತಕಣಗಳಿಲ್ಲದ ದೇಹವು ಕದವಿಲ್ಲದ ಮನೆಯಂತೆ. ಬಾಯಿತುಂಬ ಹುಣ್ಣು, ನೀರು ನುಂಗುವುದೂ ಯಾತನೆ. ಅನ್ನದ ರುಚಿಯೇ ನಾಲಗೆಗೆ ತಿಳಿಯದು. ದಾನಿಯ ಕೋಶಗಳು ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಬಗೆದು ಬಾಧಿಸುವುದೂ ಉಂಟು. ಮೊದಲ ನೂರು ದಿನಗಳು ಅತ್ಯಂತ ಎಚ್ಚರಿಕೆಯವು. ರೋಗನಿರೋಧಶಕ್ತಿ ಮರಳಲು ವರ್ಷವೋ ಅದಕ್ಕೂ ಹೆಚ್ಚೋ ಹಿಡಿಯುತ್ತದೆ. ಬಾಲ್ಯದಲ್ಲಿ ಹಾಕಿಸಿದ ಲಸಿಕೆಗಳನ್ನು ಪುನಃ ಮೊದಲಿನಿಂದ ಹಾಕಿಸಬೇಕಾಗುತ್ತದೆ.

ಅಮೆರಿಕದ ದೂರದರ್ಶನ ನಿರೂಪಕಿ ರಾಬಿನ್ ರಾಬರ್ಟ್ಸ್ ಅವರ ವೃತ್ತಾಂತ ಲೋಕಪ್ರಸಿದ್ಧ. 2007ರಲ್ಲಿ ಸ್ತನದ ಕ್ಯಾನ್ಸರಿಗೆ ಪಡೆದ ಚಿಕಿತ್ಸೆಯ ಪರಿಣಾಮವಾಗಿ 2012ರಲ್ಲಿ ಅವರ ಮಜ್ಜೆ ಕೆಟ್ಟಿತು. ಒಡಹುಟ್ಟಿದವರ ಮಜ್ಜೆ ಪೂರ್ಣವಾಗಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು. ಅಕ್ಕ ಸ್ಯಾಲಿ ಆನ್ ಅವರದು ಹೊಂದಿತು. ಆ ವರ್ಷದ ಆಗಸ್ಟ್ ಕೊನೆಗೆ ತಾಯಿ ತೀರಿಕೊಂಡರು. ಮೂರು ವಾರಗಳ ಬಳಿಕ, ಸೆಪ್ಟೆಂಬರ್ 20ರಂದು, ಕಸಿ ನಡೆಯಿತು. ತಾಯಿಯನ್ನು ಕಳೆದುಕೊಂಡ ಅಕ್ಕನೇ ತಂಗಿಗೆ ರಕ್ತದ ಬೀಜವನ್ನು ಕೊಟ್ಟಳು. 2013ರ ಫೆಬ್ರವರಿ 20ರಂದು ರಾಬಿನ್ ತಮ್ಮ ಕಾರ್ಯಸ್ಥಾನಕ್ಕೆ ಮರಳಿದರು. ಈ ಐದು ತಿಂಗಳುಗಳನ್ನು ಒಬ್ಬರ ಧೈರ್ಯದ ಕಥೆಯೆಂದು ಹೊಗಳುವುದು ವಾಡಿಕೆ. ಅದು ಅರ್ಧ ಸತ್ಯ. ಅಕ್ಕ, ಸಂಗಾತಿ, ಗೆಳೆಯರು, ವೈದ್ಯರು ಇವರೆಲ್ಲರೂ ಹೊತ್ತ ಭಾರವದು. ಇನ್ನು ದಾನಿಗೆ ನಷ್ಟವೇನೆಂದು ಅಂಜುವವರುಂಟು. ಕೊಟ್ಟ ಕೋಶಗಳು ಕೆಲವೇ ವಾರಗಳಲ್ಲಿ ದೇಹದಲ್ಲಿ ಮತ್ತೆ ತುಂಬಿಕೊಳ್ಳುತ್ತವೆ.

ಸಮಂತಭದ್ರರು ಹೇಳಿದ ನಾಲ್ಕೂ ಇಂತಹ ಮನೆಗೆ ಬೇಕು. ಆವಾಸವು ಮೊದಲು: ಊರಿನಿಂದ ಬಂದವರು ಆಸ್ಪತ್ರೆಯ ಸಮೀಪದಲ್ಲಿಯೇ ಮೂರು ನಾಲ್ಕು ತಿಂಗಳು ಉಳಿಯಬೇಕಾಗುತ್ತದೆ. ನಗರದಲ್ಲಿ ಬರಿದಾಗಿರುವ ಎರಡು ಕೋಣೆಗಳನ್ನು ಶುಚಿಗೊಳಿಸಿ ಬಾಡಿಗೆಯಿಲ್ಲದೆ ಬಿಟ್ಟುಕೊಡುವ ಶ್ರಾವಕನು ದೊಡ್ಡ ದಾನಿ. ಉಪಕರಣವೆಂದರೆ ಜ್ವರಮಾಪಕ, ಬಾಯಿಮುಚ್ಚುವ ಬಟ್ಟೆ, ಕೈತೊಳೆಯುವ ಸಾಬೂನು. ಅಲ್ಪವಸ್ತುಗಳೇ, ಆದರೆ ಅಲಕ್ಷಿಸಿದರೆ ಪ್ರಾಣಾಂತಿಕ. ಆಹಾರದ ವಿಷಯದಲ್ಲಿ ಜೈನ ಅಡುಗೆಮನೆಗೆ ಹಳೆಯ ಅಭ್ಯಾಸವೇ ನೆರವಾಗುತ್ತದೆ. ಆಗತಾನೆ ಬೇಯಿಸಿದ ಬಿಸಿಯನ್ನವನ್ನೇ ಉಣ್ಣಬೇಕು, ಕಾಲಮರ್ಯಾದೆ ಮೀರಿದ್ದನ್ನು ತ್ಯಜಿಸಬೇಕು ಎಂಬುದನ್ನು ವೈದ್ಯರೂ ಹೇಳುತ್ತಾರೆ. ಆದರೆ ನೀರನ್ನು ಗಾಳಿಸಿದರಷ್ಟೇ ಸಾಲದು, ಚೆನ್ನಾಗಿ ಕುದಿಸಲೇಬೇಕು. ಮೊಳಕೆಕಾಳು, ಹಸಿ ತರಕಾರಿಯ ಕೋಸಂಬರಿ ಸಲ್ಲವು. ಭಕ್ತಿಯಿಂದಲೇ ಆಗಬಹುದಾದ ಅಪಾಯವೂ ಒಂದುಂಟು. ಬಸದಿಯಿಂದ ತಂದ ಗಂಧೋದಕವನ್ನು, ಪೂಜೆಯ ಹೂವನ್ನು ಈ ರೋಗಿಯ ಬಳಿಗೆ ಒಯ್ಯಬಾರದು. ಹಾಲು ಬೆರೆತ ನೀರಿನಲ್ಲಿಯೂ ಹಸಿಹೂವಿನಲ್ಲಿಯೂ ಇರುವ ಸೂಕ್ಷ್ಮಜೀವಿಗಳನ್ನು ಆ ದೇಹವು ತಡೆಯಲಾರದು. ಬಾಗಿಲಾಚೆ ನಿಂತು ಣಮೋಕಾರವನ್ನು ಪಠಿಸಿದರೆ ಯಾವ ಬಾಧೆಯೂ ಇಲ್ಲ.

ಔಷಧದಲ್ಲಿಯೇ ಸಂಕಟ ಹೆಚ್ಚು. ಸೈಕ್ಲೋಸ್ಪೊರಿನ್‌ನಂತಹ ಮದ್ದನ್ನು ಹನ್ನೆರಡು ಗಂಟೆಗಳಿಗೊಮ್ಮೆ ತಪ್ಪದೆ ಸೇವಿಸಬೇಕು. ರಾತ್ರಿಭೋಜನತ್ಯಾಗಿಯಾದ ರೋಗಿ ಸೂರ್ಯಾಸ್ತದ ಅನಂತರ ಮಾತ್ರೆ ನುಂಗಲು ಹಿಂಜರಿಯುವುದು ಸಹಜ. ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಹೊಂದಿಸಬಹುದೇ ಎಂದು ವೈದ್ಯರನ್ನು ಕೇಳಿದರೆ ತಪ್ಪಿಲ್ಲ. ಅವರು ಒಪ್ಪದಿದ್ದಲ್ಲಿ ಮದ್ದೇ ಮುಂದಾಗಬೇಕು. ಪರ್ಯೂಷಣದಲ್ಲಿ ಒಂದಾದರೂ ಉಪವಾಸ ಮಾಡುವೆನೆಂದು ಹಟ ಹಿಡಿಯುವ ರೋಗಿಗೂ ಇದೇ ಉತ್ತರ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ಶಕ್ತಿಯ ಮಿತಿಯನ್ನು ಹೇಳಿರುವುದು ಸುಮ್ಮನೆ ಅಲ್ಲ.

ಸಮಂತಭದ್ರರ ಕಥೆಯನ್ನೇ ನೋಡಬಹುದು. ಅವರಿಗೆ ಭಸ್ಮಕವ್ಯಾಧಿ ತಗಲಿತೆಂದೂ, ಎಷ್ಟುಂಡರೂ ಹಸಿವು ತಣಿಯದೆ ಮುನಿಚರ್ಯೆ ಅಸಾಧ್ಯವಾಗಲು ಸಲ್ಲೇಖನಕ್ಕೆ ಗುರುವಿನ ಅನುಮತಿ ಬೇಡಿದರೆಂದೂ ಪರಂಪರೆ ಹೇಳುತ್ತದೆ. ಗುರುಗಳು ಒಪ್ಪಲಿಲ್ಲ. ವೇಷವನ್ನು ತೊರೆದು, ಉಂಡು, ರೋಗವನ್ನು ಕಳೆದುಕೊಂಡು ಬಂದು ಮತ್ತೆ ದೀಕ್ಷೆ ತೊಡುವಂತೆ ಆಜ್ಞಾಪಿಸಿದರು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿಯೂ ಅವರು ಭಸ್ಮಕವನ್ನು ಗೆದ್ದುದನ್ನು ಸ್ಮರಿಸುತ್ತದೆ. ಮಹಾಮುನಿಗೆ ದೀಕ್ಷೆಯನ್ನೇ ಬಿಡಿಸಿ ಉಣ್ಣಿಸಿದ ಗುರುಪರಂಪರೆಯು ಮಜ್ಜೆ ಕಸಿಯಾದ ಗೃಹಸ್ಥನಿಗೆ ಉಪವಾಸವನ್ನು ವಿಧಿಸೀತೇ?

ಹಾಗೆಂದು ಆತನಿಗೆ ತಪವೇ ಇಲ್ಲವೆಂದಲ್ಲ. ಏಕಾಂತದ ಶಯ್ಯೆ, ಕಿರುತುತ್ತು, ರಸವಿಲ್ಲದ ಅನ್ನ ಇವೆಲ್ಲ ಬೇಡಿದರೂ ಬೇಡದಿದ್ದರೂ ಬಂದೇ ಬಂದಿವೆ. ಬಲವಂತದಿಂದ ಸಹಿಸಿದ್ದು ಅಕಾಮನಿರ್ಜರೆ ಮಾತ್ರ. ಅದೇ ನೋವನ್ನು ಯಾರ ಮೇಲೆಯೂ ಮುನಿಯದೆ, ಸಮತೆಯಿಂದ ಸ್ವೀಕರಿಸಿದಾಗ ಅದರ ಬೆಲೆ ಬೇರೆ. ಹುಣ್ಣಾದ ಬಾಯಿಯಲ್ಲಿ ನಾಲ್ಕು ಚಮಚ ಗಂಜಿಯನ್ನು ಪ್ರಯತ್ನಪೂರ್ವಕವಾಗಿ ನುಂಗುವುದು ಅಷ್ಟೋಪವಾಸಕ್ಕಿಂತ ಸುಲಭವೆಂದು ಹೇಳುವವರು ಆ ಬಾಯನ್ನು ಕಂಡಿರಲಾರರು.

ಇನ್ನು ಸೇವೆಗೆ ನಿಂತವರ ಉಪವಾಸದ ಪ್ರಶ್ನೆ. ಅಷ್ಟಮಿ, ಚತುರ್ದಶಿಗಳಂದು ಪ್ರೋಷಧ ಹಿಡಿದ ತಾಯಿ ಅದೇ ರಾತ್ರಿ ಮಗನ ಮದ್ದಿನ ಲೆಕ್ಕವನ್ನೂ ಇಟ್ಟು ಜಾಗರಣೆ ಮಾಡಿದರೆ ಕಣ್ಣು ಕತ್ತಲೆಗಟ್ಟಿ ಮಾತ್ರೆ ಅದಲುಬದಲಾಗಬಹುದು. ಆ ಮನೆಯವರು ತಿಥಿಗಳನ್ನು ಹಂಚಿಕೊಳ್ಳುವುದು ಮೇಲು. ಅಷ್ಟಮಿಯಂದು ತಾಯಿ ಉಪವಾಸವಿದ್ದರೆ ರೋಗಿಯ ಬಳಿ ಚಿಕ್ಕಪ್ಪನೋ ಅತ್ತಿಗೆಯೋ ಇರಲಿ. ಚತುರ್ದಶಿಯಂದು ತಾಯಿ ಉಂಡು ಹಾಸಿಗೆಯ ಬಳಿಗೆ ಹೋಗಲಿ. ಬೇರೆ ಯಾರೂ ಇಲ್ಲದ ಮನೆಗೆ ಬಸದಿಯ ಮಹಿಳಾ ಸಮಾಜದವರು ಸರದಿಯ ಪ್ರಕಾರ ಬರಬಹುದು. ಬರುವವರಲ್ಲಿ ನೆಗಡಿ, ಕೆಮ್ಮು ಇರುವವರು ಮಾತ್ರ ಆ ದಿನ ತಮ್ಮ ಮನೆಯಲ್ಲಿಯೇ ಅಡುಗೆ ಮಾಡಿಸಿ ಕಳುಹಿಸದೆ, ಇನ್ನೊಬ್ಬರಿಗೆ ಸರದಿಯನ್ನು ಒಪ್ಪಿಸಬೇಕು.