ಕಾಯಬೇಕಾದವರು ಯಾರು?

ಪ್ರೋಗ್ರಾಂ ಬರೆಯುವವರು ತಮ್ಮ ಕೋಡಿನ ಪ್ರತಿ ಬದಲಾವಣೆಯನ್ನೂ ವರ್ಷನ್ ಕಂಟ್ರೋಲ್‌ಗೆ ಒಪ್ಪಿಸಿ ನಿಶ್ಚಿಂತರಾಗಿರುತ್ತಾರೆ. ಯಾರು, ಯಾವತ್ತು, ಯಾವ ಸಾಲನ್ನು ತಿದ್ದಿದರು ಎಂಬುದೆಲ್ಲ ಅದರಲ್ಲಿರುತ್ತದೆ. ಬೇಕೆಂದಾಗ ಹಳೆಯದನ್ನು ಹೊರತೆಗೆಯಬಹುದು. ವರ್ಷಗಳು ಉರುಳಿ ಸಂಗ್ರಹ ದೊಡ್ಡದಾದಂತೆ ಅದು ನಿಧಾನವಾಗುತ್ತದೆ. ಆಗ ಯಾವ ಕಮ್ಯಾಂಡಿಗೆ ಎಷ್ಟು ಸೆಕೆಂಡು ಹಿಡಿಯುತ್ತಿದೆ, ಅದನ್ನು ಎಷ್ಟಕ್ಕೆ ಇಳಿಸಬೇಕು ಎಂದು ಯೋಜನೆ ಹಾಕಲು ಕೂರುತ್ತಾರೆ. ಆ ಲೆಕ್ಕ ಬೇಕೇ ಬೇಕು. ಆದರೆ ಏನನ್ನೂ ಕಳೆಯುವಂತಿಲ್ಲದ ಸಂಗ್ರಹದಲ್ಲಿ ಶ್ರಮ ಪೂರ್ತಿ ಇಲ್ಲವಾಗುವುದು ಅಪರೂಪ. ಬಹಳ ಸಲ ಅದು ಒಬ್ಬರ ಹೆಗಲಿನಿಂದ ಇನ್ನೊಬ್ಬರ ಹೆಗಲಿಗೆ ದಾಟುತ್ತದೆ, ಅಷ್ಟೆ. ಬರೆಯುವವನಿಗೆ ಸಲೀಸಾದರೆ ಓದುವವನು ಕಾಯುತ್ತಾನೆ. ಹಾಗಾಗಿ ವೇಗದ ಯೋಜನೆ ಯಾವುದೇ ಇರಲಿ, ಅದರೊಳಗೆ ಕಾಯಬೇಕಾದವರು ಯಾರು ಎಂಬ ತೀರ್ಮಾನ ಅಡಗಿರುತ್ತದೆ. ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಈ ತೀರ್ಮಾನದ ಇತಿಹಾಸ ಹಳೆಯದು. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ ಕಟ್ಟಿದ ಎಸ್‌ಸಿಸಿಎಸ್ ವ್ಯವಸ್ಥೆ ಒಂದು ಕಡತದ ಎಲ್ಲ ಆವೃತ್ತಿಗಳ ಸಾಲುಗಳನ್ನೂ ಒಟ್ಟಿಗೆ ಹೆಣೆದು ಇಡುತ್ತಿತ್ತು. ಯಾವ ಸಾಲು ಯಾವ ಆವೃತ್ತಿಯಲ್ಲಿ ಬಂತು, ಯಾವುದರಲ್ಲಿ ಹೋಯಿತು ಎಂಬ ಗುರುತು ನಡುನಡುವೆ ಇರುತ್ತಿತ್ತು. ನಿನ್ನೆಯ ಪ್ರತಿ ಬೇಕೆಂದರೂ ಮೊತ್ತಮೊದಲನೆಯದು ಬೇಕೆಂದರೂ ಇಡೀ ಹೆಣಿಗೆಯನ್ನು ಓದಲೇಬೇಕು. ಎರಡಕ್ಕೂ ಹೆಚ್ಚುಕಡಿಮೆ ಒಂದೇ ಹೊತ್ತು. 1980ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಟಿಷಿ ಆರ್‌ಸಿಎಸ್ ರೂಪಿಸುವಾಗ ಇದನ್ನು ತಿರುಗಿಸಿಟ್ಟರು. ಮುಖ್ಯ ಸಾಲಿನ ತೀರಾ ಹೊಸ ಆವೃತ್ತಿಯನ್ನು ಇಡಿಯಾಗಿ ಇಟ್ಟುಕೊಂಡು, ಅದರಿಂದ ಹಿಂದಕ್ಕೆ ಹೋಗಲು ಬೇಕಾದ ವ್ಯತ್ಯಾಸಗಳನ್ನಷ್ಟೇ ಬರೆದಿಟ್ಟರು. ಇವತ್ತಿನದು ಕೂಡಲೇ ಕೈಗೆ ಸಿಗುತ್ತದೆ. ಹಿಂದೆ ಹೋದಷ್ಟೂ ಒಂದೊಂದೇ ತಿದ್ದುಪಡಿಯನ್ನು ಬಿಚ್ಚುತ್ತ ಸಾಗಬೇಕು.

ಕೇಳುವವರ ತಲೆ ಎಣಿಸಿದರೆ ಟಿಷಿಯವರದೇ ಸರಿ. ನೂರಕ್ಕೆ ತೊಂಬತ್ತು ಸಲ ಬೇಕಾಗುವುದು ಹೊಸದೇ. ಆದರೂ ಈ ಎಣಿಕೆಯಲ್ಲಿ ಒಂದು ಕೊರತೆ ಇದೆ. ಜಮೀನಿನ ದಾಖಲೆಗಳನ್ನೇ ತೆಗೆದುಕೊಳ್ಳಿ. ಈ ವರ್ಷದ ಪಹಣಿ ನಿಮಿಷದಲ್ಲಿ ಸಿಗುತ್ತದೆ. ನಲವತ್ತು ವರ್ಷದ ಹಿಂದಿನ ಮ್ಯುಟೇಶನ್ ಬೇಕೆಂದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಮುಂದೆ ನಿಲ್ಲಬೇಕು. ಅಲ್ಲಿ ನಿಂತವನು ಸಾಮಾನ್ಯವಾಗಿ ವ್ಯಾಜ್ಯದಲ್ಲಿ ಸಿಕ್ಕಿಬಿದ್ದವನು. ಕೋಡಿನ ಲೋಕದಲ್ಲೂ ಹಾಗೆಯೇ: ಹಳೆಯ ಆವೃತ್ತಿಯನ್ನು ಹುಡುಕುವವನು ಕುತೂಹಲಕ್ಕೆ ಹುಡುಕುವುದು ಕಡಿಮೆ. ಏನೋ ಕೆಟ್ಟುಹೋಗಿದೆ, ಯಾವಾಗ ಕೆಟ್ಟಿತು ತಿಳಿಯಬೇಕಾಗಿದೆ, ಮೇಲಿನವರು ಎರಡೆರಡು ಸಲ ಫೋನ್ ಮಾಡಿಯಾಗಿದೆ. ಅಪರೂಪಕ್ಕೆ ಬರುವ ಕೋರಿಕೆ ಎಂದ ಮಾತ್ರಕ್ಕೆ ಅದು ಹಗುರವಾದ ಕೋರಿಕೆ ಆಗುವುದಿಲ್ಲ.

ಇದಕ್ಕೆ ಅನುಭವಿಗಳ ಬಳಿ ಒಂದು ಸಿದ್ಧ ಉತ್ತರವಿದೆ: ವಾದ ಬೇಡ, ಅಳೆದು ನೋಡಿ. ಅಳತೆಯ ಮೇಲೆ ನನಗೂ ಗೌರವವಿದೆ. ಆದರೆ ಅಳತೆಗೆ ಸಿಗುವುದು ಜನ ಕೇಳಿದ ಪ್ರಶ್ನೆಗಳು ಮಾತ್ರ. ನಿಧಾನವೆಂದು ಕೇಳದೆ ಬಿಟ್ಟವು ಅದಕ್ಕೆ ಸಿಗುವುದಿಲ್ಲ. ವರ್ಷನ್ ಕಂಟ್ರೋಲ್ ವ್ಯವಸ್ಥೆಯಾದ ಗಿಟ್ ಅನ್ನೇ ನೋಡಿ. ಪ್ರತಿ ಕಮಿಟ್ಟೂ, ಅಂದರೆ ದಾಖಲಿಸಿದ ಪ್ರತಿ ಆವೃತ್ತಿಯೂ, ಇಡೀ ಪ್ರಾಜೆಕ್ಟಿನ ಒಂದು ಚಿತ್ರ ಎಂಬುದು ಅದರ ಮೂಲ ನಂಬಿಕೆ. ಒಂದೊಂದು ಫೈಲಿಗೂ ಪ್ರತ್ಯೇಕ ಚರಿತ್ರೆಯನ್ನು ಅದು ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಈ ಒಂದು ಫೈಲು ಹೇಗೆ ಬದಲಾಗುತ್ತ ಬಂತು ಎಂದು ಕೇಳಿದರೆ, ಕಮಿಟ್ಟಿನಿಂದ ಕಮಿಟ್ಟಿಗೆ ನಡೆದು ಎರಡೆರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ದೊಡ್ಡ ಸಂಗ್ರಹಗಳಲ್ಲಿ ಇದು ಸಾಕಪ್ಪಾ ಸಾಕು ಅನ್ನಿಸುತ್ತದೆ. 2020ರ 2.27 ಆವೃತ್ತಿಯಲ್ಲಿ ಇದಕ್ಕೊಂದು ಉಪಾಯ ಬಂತು. ಪ್ರತಿ ಕಮಿಟ್ಟಿಗೂ ಬ್ಲೂಮ್ ಫಿಲ್ಟರ್ ಎಂಬ ಪುಟ್ಟ ಟಿಪ್ಪಣಿಯನ್ನು ಮೊದಲೇ ಸಿದ್ಧಮಾಡಿಟ್ಟರೆ, ನೀವು ಕೇಳಿದ ಫೈಲು ಈ ಕಮಿಟ್ಟಿನಲ್ಲಿ ಖಂಡಿತ ಬದಲಾಗಿಲ್ಲ ಅಥವಾ ಬದಲಾಗಿದ್ದರೂ ಇರಬಹುದು ಎಂದು ಅದು ಥಟ್ಟನೆ ಹೇಳುತ್ತದೆ. ಮೊದಲ ಉತ್ತರ ಬಂದ ಕಡೆಯೆಲ್ಲ ಚಿತ್ರ ಬಿಡಿಸಿ ನೋಡುವ ಕೆಲಸವೇ ಇಲ್ಲ. ಕೇಳುವವನ ಕಾಯುವಿಕೆ ಟಿಪ್ಪಣಿ ಸಿದ್ಧಮಾಡುವ ಹೊತ್ತಿಗೆ ವರ್ಗವಾಯಿತು. ಅಷ್ಟರಲ್ಲಿ ಗಿಟ್ ಹುಟ್ಟಿ ಹದಿನೈದು ವರ್ಷವಾಗಿತ್ತು. ಆ ಹದಿನೈದು ವರ್ಷದಲ್ಲಿ ಎಷ್ಟು ಜನ ಕೇಳಹೊರಟು ಸುಮ್ಮನಾದರೋ, ಯಾವ ಲಾಗ್ ಫೈಲಿನಲ್ಲೂ ಇಲ್ಲ.

ಮೈಕ್ರೋಸಾಫ್ಟ್‌ನ ಕಥೆ ಇದಕ್ಕಿಂತ ಒರಟು. 2017ರಲ್ಲಿ ಅವರು ವಿಂಡೋಸ್‌ನ ಸುಮಾರು 35 ಲಕ್ಷ ಫೈಲುಗಳ, 300 ಜಿಬಿಯ ಕೋಡನ್ನು ಗಿಟ್‌ಗೆ ತಂದರು. ಮಾಮೂಲಿ ಗಿಟ್‌ನಲ್ಲಿ ಅದನ್ನು ಕ್ಲೋನ್ ಮಾಡಲು, ಅಂದರೆ ಪೂರ್ತಿ ಪ್ರತಿಯನ್ನು ಇಳಿಸಿಕೊಳ್ಳಲು, ಹನ್ನೆರಡು ಗಂಟೆ ದಾಟುತ್ತಿತ್ತು. ಫೈಲನ್ನು ತೆರೆದಾಗ ಮಾತ್ರ ಸರ್ವರಿನಿಂದ ತರಿಸಿಕೊಳ್ಳುವ ಪದರವೊಂದನ್ನು ಸೇರಿಸಿದ ಮೇಲೆ ಅದು ಕೆಲವೇ ನಿಮಿಷಗಳಿಗೆ ಇಳಿಯಿತು. ಅದ್ಭುತವೇ ಸರಿ. ಆದರೆ ಪೂರ್ತಿ ಚರಿತ್ರೆ ನಿಮ್ಮದೇ ಡಿಸ್ಕಿನಲ್ಲಿದೆ, ನೆಟ್ ಇಲ್ಲದಿದ್ದರೂ ಕೆಲಸ ನಿಲ್ಲದು ಎಂಬ ಗಿಟ್‌ನ ದೊಡ್ಡ ಸುಖ ಅಲ್ಲಿಗೆ ಅರ್ಧ ಹೋಯಿತು. ಸರ್ವರಿನ ಪಕ್ಕದಲ್ಲಿ ಕೂತವನಿಗೆ ಲಾಭ, ದೂರದಲ್ಲಿ ಕೂತವನಿಗೆ ಫೈಲು ಫೈಲಿಗೂ ಕಾಯುವ ಕೆಲಸ. ದೂರದ ತಂಡಗಳ ಹತ್ತಿರ ಕ್ಯಾಶ್ ಸರ್ವರುಗಳನ್ನು ಇಡಬೇಕಾಗಿ ಬಂದದ್ದು ಇದಕ್ಕೇ. ಅಂಥ ಸರ್ವರ್ ಇಡಲು ಕಂಪನಿಯ ಬೆನ್ನಿಲ್ಲದವರು ಇದೇ ವಿನ್ಯಾಸವನ್ನು ಎರವಲು ತರುವ ಮುಂಚೆ ಎರಡು ಸಲ ಯೋಚಿಸಬೇಕು.

ಮುಂದೆ ಯಾರು ಏನು ಕೇಳುತ್ತಾರೋ ತಿಳಿಯದ ಮೇಲೆ ನ್ಯಾಯವಾದ ಯೋಜನೆ ಎಂದರೆ ಯಾವುದು? ನನ್ನ ಮಟ್ಟಿಗೆ, ಕಾಯುವವರನ್ನು ನಾಳೆ ಬದಲಿಸಲು ಬಿಡುವಂಥದು. ಇದಕ್ಕೆ ಒಳ್ಳೆಯ ಉದಾಹರಣೆ ಗಿಟ್‌ನ ಮೊದಲೆರಡು ವಾರಗಳಲ್ಲೇ ಇದೆ. ಗಿಟ್ ಕಟ್ಟಿದ ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್ 7ರಂದು ಮೊದಲ ಕಮಿಟ್ ಹಾಕಿದಾಗ, ಫೈಲಿನ ತಿರುಳು, ಕಮಿಟ್ ಮುಂತಾದ ಪ್ರತಿ ವಸ್ತುವನ್ನೂ ಕುಗ್ಗಿಸಿ, ಕುಗ್ಗಿಸಿದ ಬೈಟುಗಳ ಎಸ್‌ಎಚ್‌ಎ-1 ಹ್ಯಾಶ್ ಎಂಬ ಲೆಕ್ಕದ ಗುರುತನ್ನೇ ಅದರ ಹೆಸರಾಗಿ ಇಡುತ್ತಿದ್ದರು. ಇದರರ್ಥ, ಕುಗ್ಗಿಸುವ ರೀತಿಯನ್ನು ಚೂರು ಬದಲಿಸಿದರೂ ಅದೇ ವಸ್ತುವಿಗೆ ಬೇರೆ ಹೆಸರು. ಏಪ್ರಿಲ್ 20ರಂದು ಅವರು ಕ್ರಮವನ್ನು ಅದಲುಬದಲು ಮಾಡಿದರು: ಮೊದಲು ಹ್ಯಾಶ್, ಆಮೇಲೆ ಕುಗ್ಗಿಸುವುದು. ಹಳೆಯ ಸಂಗ್ರಹಗಳನ್ನು ಹೊಸ ಕ್ರಮಕ್ಕೆ ತರುವ ಪುಟ್ಟ ಪ್ರೋಗ್ರಾಮೂ ಜೊತೆಗಿತ್ತು. ಬಳಸುವವರು ಇನ್ನೂ ಬೆರಳೆಣಿಕೆಯಷ್ಟಿದ್ದರು. ಆ ತಿದ್ದುಪಡಿಗೆ ಅದಕ್ಕಿಂತ ಒಳ್ಳೆಯ ಮುಹೂರ್ತ ಮತ್ತೆ ಸಿಗುತ್ತಿರಲಿಲ್ಲ.

ವೇಗದ ಸಾಧನೆಗಳನ್ನು ಹೊಗಳುವವರು ಈ ತಿದ್ದುಪಡಿಯ ಹೆಸರೆತ್ತುವುದು ಕಡಿಮೆ. ಮುಂದಿನ ವೇಗವೆಲ್ಲ ನಿಂತಿರುವುದು ಇದರ ಮೇಲೆಯೇ. ಆ ವರ್ಷದ ಜೂನ್ ಹೊತ್ತಿಗೆ ಪ್ಯಾಕ್ ಫೈಲುಗಳು ಬಂದವು: ಬಿಡಿಬಿಡಿಯಾಗಿ ಬಿದ್ದಿದ್ದ ಸಾವಿರಾರು ವಸ್ತುಗಳು ಒಂದೇ ಫೈಲಿನಲ್ಲಿ, ಒಂದು ಇನ್ನೊಂದರ ವ್ಯತ್ಯಾಸವಾಗಿ ಒತ್ತಿಕೊಂಡು ಕೂತವು. ಹೆಸರು ಒಂದೂ ಬದಲಾಗಲಿಲ್ಲ. ವಸ್ತು ಏನು ಎಂಬುದು ಒಂದು, ಅದು ಡಿಸ್ಕಿನಲ್ಲಿ ಹೇಗೆ ಮಲಗಿದೆ ಎಂಬುದು ಇನ್ನೊಂದು ಎಂದು ಬೇರ್ಪಟ್ಟಿದ್ದರಿಂದ, ಕಾಯಬೇಕಾದವರು ಯಾರೆಂಬ ತೀರ್ಮಾನವನ್ನು ಗಿಟ್ ಅಂದಿನಿಂದ ಎಷ್ಟು ಸಲ ಬೇಕಾದರೂ ತಿದ್ದಿಕೊಳ್ಳಬಹುದಾಗಿತ್ತು. ಸಬ್‌ವರ್ಷನ್ ಎಂಬ ಇನ್ನೊಂದು ವ್ಯವಸ್ಥೆಯಲ್ಲಿ ಈ ಬೇರ್ಪಡಿಕೆಯ ಎರಡೂ ಮುಖ ಕಾಣಸಿಗುತ್ತವೆ. ಸರ್ವರಿನ ಕಡೆ ಇಂಟರ್ಫೇಸ್ ಗಟ್ಟಿಯಾಗಿತ್ತು. 2004ರಲ್ಲಿ ಸಂಗ್ರಹವನ್ನು ಇಡುತ್ತಿದ್ದ ಬರ್ಕ್ಲಿ ಡಿಬಿಯ ಜೊತೆಗೆ ಎಫ್‌ಎಸ್‌ಎಫ್‌ಎಸ್ ಎಂಬ ಇನ್ನೊಂದು ಶೇಖರಣಾ ವಿಧಾನ ಬಂದಾಗ ಬಳಸುವವರಿಗೆ ಹೆಚ್ಚು ತೊಡಕಾಗಲಿಲ್ಲ. ಬಳಸುವವರ ಯಂತ್ರದಲ್ಲಿರುವ ಕೆಲಸದ ಪ್ರತಿಯ ಕಡೆ ಹಾಗಲ್ಲ. ಫೋಲ್ಡರಿಗೊಂದರಂತೆ ಇದ್ದ ಗುಪ್ತ ಕಡತಗಳನ್ನು 2011ರ 1.7 ಆವೃತ್ತಿ ಒಂದೇ ಎಸ್‌ಕ್ಯೂಲೈಟ್ ಡೇಟಾಬೇಸಿಗೆ ಸೇರಿಸಿದಾಗ, ಆ ಕಡತಗಳನ್ನು ನೇರವಾಗಿ ಇಣುಕಿ ಓದುತ್ತಿದ್ದ ಸ್ಕ್ರಿಪ್ಟುಗಳು ಕೈಕೊಟ್ಟವು. ಮಾತು ಕೊಡದಿದ್ದರೂ ಜನ ಕಣ್ಣಿಗೆ ಕಂಡದ್ದನ್ನು ಮಾತೆಂದೇ ಹಿಡಿಯುತ್ತಾರೆ.

ಇನ್ನು ಹೆಸರನ್ನೇ ಬದಲಿಸಬೇಕಾಗಿ ಬಂದರೆ? 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸಿಡಬ್ಲ್ಯೂಐ ಸಂಶೋಧನಾ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಎಸ್‌ಎಚ್‌ಎ-1 ಹ್ಯಾಶ್ ಇರುವ ಎರಡು ಬೇರೆಬೇರೆ ಪಿಡಿಎಫ್‌ಗಳನ್ನು ತೋರಿಸಿದರು. ಬೇರೆಬೇರೆ ವಸ್ತುಗಳಿಗೆ ಒಂದೇ ಹೆಸರು ಬರಬಹುದು ಎಂದಾಯಿತು. 2020ರ ಅಕ್ಟೋಬರಿನಲ್ಲಿ ಗಿಟ್‌ಗೆ ಎಸ್‌ಎಚ್‌ಎ-256 ಎಂಬ ಬೇರೆ ಹ್ಯಾಶ್ ಪ್ರಾಯೋಗಿಕವಾಗಿ ಸೇರಿತು. ಪ್ಯಾಕ್ ಫೈಲನ್ನು ರಾತ್ರೋರಾತ್ರಿ ಮರುಜೋಡಿಸಬಹುದು. ಆದರೆ ಬಗ್ ವರದಿಗಳಲ್ಲಿ, ಇಮೇಲುಗಳಲ್ಲಿ, ಬಿಡುಗಡೆಯ ಟಿಪ್ಪಣಿಗಳಲ್ಲಿ ಚದುರಿಹೋದ ಹಳೆಯ ಹೆಸರುಗಳನ್ನು ಯಾವ ಕಮ್ಯಾಂಡೂ ತಿದ್ದಲಾರದು. ಅದಕ್ಕಾಗಿಯೇ ಗಿಟ್‌ನ ಪರಿವರ್ತನಾ ಯೋಜನೆಯಲ್ಲಿ ಹಳೆಯ ಹೆಸರಿಗೂ ಹೊಸದಕ್ಕೂ ನಂಟು ಹೇಳುವ ಕೋಷ್ಟಕವೊಂದಿದೆ. ಅದು ಜಾಗ ತಿನ್ನುತ್ತದೆ, ಹುಡುಕಾಟಕ್ಕೆ ಒಂದು ಹೆಜ್ಜೆ ಕೂಡಿಸುತ್ತದೆ. ವೇಗವನ್ನಷ್ಟೇ ನೋಡುವವರ ಕತ್ತರಿ ಮೊದಲು ಹೋಗುವುದು ಅದರ ಕಡೆಗೇ. ಹತ್ತು ವರ್ಷ ಹಳೆಯ ಬಗ್ ವರದಿಯಿಂದ ಒಂದು ಹೆಸರು ಹಿಡಿದು ಬರುವವನಿಗೆ ಬೇರೆ ದಾರಿಯೇ ಇಲ್ಲ. ಆ ಒಂದು ಹೆಜ್ಜೆಯ ಹೊತ್ತನ್ನು ಉಳಿದ ನಾವೆಲ್ಲ ಕಾಯಬಹುದು.